ಹಡಗಿನ ಮೂರೂವರೆ ಟೀ ಗಂಡಸರಿಗೆ ಹಿಡಿಸುತ್ತಾ?

ಹೋದ ವರ್ಷ ತಿಪಟೂರಿನ ಒಬ್ಬ ಕೊಬ್ಬರಿ ಮಂಡಿ ಯಜಮಾನರು ಹೆಂಡತಿ ಜೊತೆ ನಮ್ಮ ಆಫೀಸಿಗೆ ಬಂದಿದ್ದರು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಹೋಗುವಾಗ ವಿಮಾನ, ಬರುವಾಗ ನ್ಯೂಯಾರ್ಕ್‌ನಿಂದ ಇಂಗ್ಲೆಂಡಿನ ಸೌತಾಂಪ್ಟನ್‌ವರೆಗೆ ಹಡಗು, ಅಲ್ಲಿಂದ ಮತ್ತೆ ವಿಮಾನ. ಇದು ಮಗಳದೇ ಏರ್ಪಾಡು. ಕ್ವೀನ್ ಮೇರಿ 2 ಅನ್ನುವ ಹಡಗು. ಏಳು ರಾತ್ರಿ, ನಡುವೆ ಒಂದೂ ಊರಿಲ್ಲ, ಬರೀ ನೀರು. ನಾನು ಹಡಗಿನಲ್ಲಿ ದಿನ ಹೇಗೆ ಕಳೆಯುತ್ತೆ ಅಂತ ಹೇಳುತ್ತಿದ್ದೆ. ಮಧ್ಯಾಹ್ನ ಮೂರೂವರೆಗೆ ಆಫ್ಟರ್‌ನೂನ್ ಟೀ ಅಂದೆ ನೋಡಿ, ಯಜಮಾನರು ಕೈ ಅಲ್ಲಾಡಿಸಿಬಿಟ್ಟರು.

“ಅದೆಲ್ಲ ಹೆಂಗಸರಿಗೆ ಸಾರ್. ಪಿಂಗಾಣಿ ಕಪ್ಪು, ಪುಟ್ಟ ಪುಟ್ಟ ಕೇಕು. ಇವಳು ಹೋಗ್ತಾಳೆ, ನಾನು ರೂಮಲ್ಲಿ ಮಲಗ್ತೀನಿ.”

“ಮಂಡಿ ಮುಂದಿನ ಗೂಡಂಗಡೀಲಿ ದಿನಕ್ಕೆ ನಾಲ್ಕು ಸಲ ಟೀ ಕುಡಿಯೋರು ಯಾರ್ರೀ? ನಾನಾ?” ಅಂದರು ಹೆಂಡತಿ.

ಈ ಪ್ರಶ್ನೆ ನನಗೆ ಹೊಸದಲ್ಲ. ತುಮಕೂರಿನ ಎಸ್.ಎಸ್. ಪುರಂನಲ್ಲಿ ಟ್ರಾವೆಲ್ಸ್ ಇಡುವ ಮೊದಲು ಒಂಬತ್ತು ವರ್ಷ ನಾನು ಹಡಗಿನಲ್ಲಿ ವೇಟರ್ ಆಗಿದ್ದೆ. ಬೇರೆ ಹಡಗು, ಆದರೆ ಅದೇ ಇಂಗ್ಲಿಷ್ ಪದ್ಧತಿ. ಮಧ್ಯಾಹ್ನದ ಟೀಗೆ ಬಿಳಿ ಗ್ಲೌಸ್ ಹಾಕಿಕೊಂಡು ಸಾವಿರಾರು ಕಪ್ಪು ತುಂಬಿಸಿದ್ದೇನೆ. ಹಾಗಾಗಿ ಗಂಡಸರಿಗೆ ಟೀ ಹಿಡಿಸುತ್ತಾ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಹಿಡಿಸುತ್ತೆ, ಚೆನ್ನಾಗಿಯೇ ಹಿಡಿಸುತ್ತೆ. ಆದರೆ “ನನಗೆ ಬೇಕು” ಅಂತ ಬಾಯಿಬಿಟ್ಟು ಹೇಳಿಕೊಂಡು ಬರೋದಿಲ್ಲ. ಹೆಂಡತಿ ಕರೆದಳು ಅಂತ ಬರುತ್ತಾರೆ.

ಮೊದಲ ದಿನ ಟೀ ಕೊಡುವ ಹಾಲ್ ತುಂಬ ಹೆಂಗಸರೇ. ಎರಡನೇ ದಿನ ಗಂಡಂದಿರು ಹಿಂದೆ ಹಿಂದೆ ಬರುತ್ತಾರೆ. ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಕಿಟಕಿ ಕಡೆ ನೋಡುತ್ತಾ ಕೂರುತ್ತಾರೆ. ಮೂರನೇ ದಿನ ಮೂರೂಕಾಲಿಗೆ ಬಾಗಿಲು ತೆಗೆಯೋಕೆ ಹೋದರೆ ಅದೇ ಗಂಡಂದಿರು ಸಾಲಿನಲ್ಲಿ ಮೊದಲು ನಿಂತಿರುತ್ತಾರೆ. “ನನ್ನ ಹೆಂಡತಿ ಬರ್ತಿದ್ದಾಳೆ, ಕಿಟಕಿ ಪಕ್ಕದ ಟೇಬಲ್ ಹಿಡಿಯೋಣ ಅಂತ ಬಂದೆ” ಅನ್ನುತ್ತಾರೆ. ಹೆಂಡತಿ ಬರುವ ಹೊತ್ತಿಗೆ ಎರಡು ಸ್ಯಾಂಡ್‌ವಿಚ್ ಖಾಲಿ.

ಅಲ್ಲಿ ಏನು ಕೊಡುತ್ತಾರೆ ಅಂತ ಹೇಳಿಬಿಡುತ್ತೇನೆ. ಮೊದಲು ಸ್ಯಾಂಡ್‌ವಿಚ್. ಅಂಚು ಕತ್ತರಿಸಿದ ಬ್ರೆಡ್ಡು, ಎರಡು ಬೆರಳಿನಷ್ಟು ಅಗಲ. ಒಳಗೆ ಸೌತೆಕಾಯಿ, ಮೊಟ್ಟೆ ಅಥವಾ ಹೊಗೆಗಿಟ್ಟ ಮೀನು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ ನನಗೆ ಮೊದಲ ಸಲ ನೋಡಿದಾಗ ಇದು ಸ್ಯಾಂಪಲ್ ಇರಬೇಕು ಅನ್ನಿಸಿತ್ತು. ಆಮೇಲೆ ಸ್ಕೋನ್. ನಮ್ಮ ಬೇಕರಿ ಬನ್ನಿಗೂ ಬಿಸ್ಕತ್ತಿಗೂ ನಡುವಿನ ಒಂದು ತಿಂಡಿ ಅಂದುಕೊಳ್ಳಿ. ಬೆಚ್ಚಗಿರುತ್ತೆ. ಚಾಕು ಹಾಕದೆ ಕೈಯಲ್ಲೇ ನಡು ಮುರಿಯಬೇಕು. ಮೇಲೆ ಸ್ಟ್ರಾಬೆರಿ ಜಾಮು, ಕ್ಲಾಟೆಡ್ ಕ್ರೀಮು. ಇಂಗ್ಲೆಂಡಿನ ಡೆವನ್ ಕಡೆಯವರು ಕ್ರೀಮು ಮೊದಲು ಹಚ್ಚುತ್ತಾರೆ, ಪಕ್ಕದ ಕಾರ್ನ್‌ವಾಲ್‌ನವರು ಜಾಮು ಮೊದಲು. ಈ ವಿಷಯಕ್ಕೆ ನನ್ನ ಟೇಬಲ್ಲಿನಲ್ಲಿ ದೊಡ್ಡ ದನಿಯಲ್ಲಿ ವಾದ ಮಾಡಿದವರೆಲ್ಲ ಗಂಡಸರೇ. ಕೊನೆಗೆ ಕೇಕು, ಪೇಸ್ಟ್ರಿ.

ಆ ಕ್ರೀಮಿನ ಬಗ್ಗೆ ಒಂದು ಮಾತು. ಹಾಲಿನ ಕೆನೆಯನ್ನು ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಿ, ಆರಿಸಿ, ಮೇಲೆ ಕಟ್ಟಿದ್ದನ್ನು ತೆಗೆಯುತ್ತಾರೆ. ಕಾರ್ನ್‌ವಾಲ್‌ನ ಹೆಸರು ಹಾಕಿ ಮಾರಬೇಕು ಅಂದರೆ ಕಡಿಮೆ ಅಂದರೂ ಶೇಕಡ 55ರಷ್ಟು ಜಿಡ್ಡಿರಬೇಕು. ನಮ್ಮಜ್ಜಿ ರಾತ್ರಿ ಒಲೆಯ ಕೆಂಡದ ಮೇಲೆ ಹಾಲಿನ ಗಡಿಗೆ ಬಿಟ್ಟು ಮಲಗುತ್ತಿದ್ದರು. ಬೆಳಗ್ಗೆ ಆ ದಪ್ಪ ಕೆನೆ ಎತ್ತಿ ರಾಗಿ ರೊಟ್ಟಿ ಮೇಲೆ ಹಾಕಿ ಕೊಡುತ್ತಿದ್ದರು. ಹೆಚ್ಚುಕಡಿಮೆ ಅದೇ ರುಚಿ. ಹಾಗಾಗಿ ನಮ್ಮ ಕಡೆಯ ಗಂಡಸರಿಗೆ ಆ ಟೀ ಹೊತ್ತಿನಲ್ಲಿ ಮೊದಲು ಹಿಡಿಸುವುದು ಅದೇ ಕೆನೆ.

ಹಿಡಿಸದೇ ಇರುವುದು ಟೀ! ಹಾಲು ಬೇರೆ, ಡಿಕಾಕ್ಷನ್ ಬೇರೆ, ಕುದಿಸುವ ಮಾತೇ ಇಲ್ಲ. ಏಲಕ್ಕಿ ಇಲ್ಲ, ಶುಂಠಿ ಇಲ್ಲ. ನಮ್ಮವರು ಒಂದು ಗುಟುಕು ಕುಡಿದು ಕಪ್ಪಿನ ಒಳಗೆ ಬಗ್ಗಿ ನೋಡುತ್ತಾರೆ. ತಮಾಷೆ ಅಂದರೆ ಇಂಗ್ಲಿಷ್ ಗಂಡಸರದೂ ಇದೇ ದೂರು. ಅಲ್ಲಿ ಕಟ್ಟಡ ಕೆಲಸದವರು ಕುಡಿಯುವ ಕಡು ಟೀಗೆ ‘ಬಿಲ್ಡರ್ಸ್ ಟೀ’ ಅಂತಲೇ ಹೆಸರು. ಜಾಸ್ತಿ ಹೊತ್ತು ನೆನೆದ ಸೊಪ್ಪು, ಹಾಲು, ಎರಡು ಚಮಚ ಸಕ್ಕರೆ. ಒಬ್ಬ ಮುದುಕರು, ಜೀವನಪೂರ್ತಿ ಲಾರಿ ರಿಪೇರಿ ಮಾಡಿದವರು, ದಿನಾ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಅದನ್ನೇ ಕೇಳುತ್ತಿದ್ದರು. ಪಾಟ್ ಹತ್ತು ನಿಮಿಷ ಹಾಗೇ ಬಿಟ್ಟು ಕೊನೆಗೆ ಅವರಿಗೆ ಬಗ್ಗಿಸುತ್ತಿದ್ದೆ. ನೀವೂ ಹಾಗೇ ಮಾಡಿ. ಅಸ್ಸಾಂ ಟೀ ಕೇಳಿ, ಹಾಲು ಬೇರೆ ಕೇಳಿ, ಐದು ನಿಮಿಷ ತಡೆಯಿರಿ. ಅರ್ಲ್ ಗ್ರೇ ಅಂದರೆ ಬೇಡ ಅನ್ನಿ. ಅದರಲ್ಲಿ ಬರ್ಗಮಾಟ್ ಅನ್ನುವ ಒಂದು ಜಾತಿ ಕಿತ್ತಳೆ ಸಿಪ್ಪೆಯ ಎಣ್ಣೆ ಇರುತ್ತೆ. ನಮ್ಮವರಿಗೆ ಸೋಪಿನ ವಾಸನೆ ಅನ್ನಿಸೋದೇ ಹೆಚ್ಚು.

ಇನ್ನೊಂದು ತೊಂದರೆ ಕಪ್ಪಿನ ಹಿಡಿ. ಇದನ್ನು ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಅರ್ಧ ಗಂಡಸರ ಮುಜುಗರಕ್ಕೆ ಇದೇ ಕಾರಣ. ಕೆಲಸ ಮಾಡಿ ದಪ್ಪಗಾದ ಬೆರಳು ಆ ಹಿಡಿಯೊಳಗೆ ತೂರುವುದಿಲ್ಲ. ಎಲ್ಲಿ ಚೆಲ್ಲುತ್ತೋ ಅಂತ ಹೆದರಿಕೆ, ಎಲ್ಲಿ ಒಡೆಯುತ್ತೋ ಅಂತ ಇನ್ನೊಂದು ಹೆದರಿಕೆ. ಆ ಲಾರಿ ರಿಪೇರಿಯ ಮುದುಕರು ಕಪ್ಪನ್ನು ಅಂಗೈಯಲ್ಲಿ ಕೋಳಿಮರಿ ಹಿಡಿದ ಹಾಗೆ ಹಿಡಿಯುತ್ತಿದ್ದರು. ಅಸಲಿಗೆ ಬೆರಳು ತೂರಿಸುವ ಅಗತ್ಯವೇ ಇಲ್ಲ. ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿಯನ್ನು ಚಿವುಟಿದ ಹಾಗೆ ಹಿಡಿದರೆ ಸಾಕು. ಅದೇ ಸರಿಯಾದ ಪದ್ಧತಿ ಕೂಡ. ಕಿರುಬೆರಳು ಎತ್ತುವುದು ಸುಮ್ನೆ ಸಿನಿಮಾದವರ ಕೆಲಸ.

ಸರಿ, ಹಾಗಾದರೆ ಇದು ಹೆಂಗಸರ ಟೀ ಅಂತ ಹೆಸರು ಬಂದಿದ್ದು ಹೇಗೆ? ಹಡಗಿನಲ್ಲಿದ್ದಾಗ ಬಿಡುವಿನಲ್ಲಿ ಓದಿಕೊಂಡಿದ್ದು ಇದು. 17ನೇ ಶತಮಾನದ ಲಂಡನ್ನಿನಲ್ಲಿ ಕಾಫಿ ಹೌಸುಗಳು ಗಂಡಸರ ಅಡ್ಡೆ. ವ್ಯಾಪಾರ, ರಾಜಕೀಯ ಎಲ್ಲ ಅಲ್ಲೇ. ಹೆಂಗಸರ ಪಾಲಿಗೆ ಟೀ ಉಳಿದಿದ್ದು ಮನೆಯಲ್ಲಿ. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನಾ ಮರಿಯಾ, ರಾತ್ರಿಯೂಟ ತಡವಾಗಿ ಮಧ್ಯಾಹ್ನ ಹೊಟ್ಟೆ ಚುರುಗುಟ್ಟುತ್ತೆ ಅಂತ ಟೀ ಜೊತೆ ತಿಂಡಿ ತರಿಸಿಕೊಂಡು, ಗೆಳತಿಯರನ್ನೂ ಕರೆದು ಈ ಪದ್ಧತಿಗೆ ಚಾಲನೆ ಕೊಟ್ಟರು ಅಂತ ಹೇಳುತ್ತಾರೆ. ಆಮೇಲೆ 1864ರಲ್ಲಿ ಲಂಡನ್ನಿನ ಏರೇಟೆಡ್ ಬ್ರೆಡ್ ಕಂಪನಿ ಟೀ ಅಂಗಡಿ ತೆರೆಯಿತು. ಗಂಡ, ಅಣ್ಣ ಯಾರೂ ಜೊತೆಗಿಲ್ಲದೆ ಹೆಂಗಸರು ಮರ್ಯಾದೆಯಾಗಿ ಹೋಗಿ ಕೂರುವ ಜಾಗಗಳು ಹೀಗೆ ಹೆಚ್ಚಿದವು. 1903ರಲ್ಲಿ ಗ್ಲ್ಯಾಸ್ಗೋದಲ್ಲಿ ಕೇಟ್ ಕ್ರ್ಯಾನ್‌ಸ್ಟನ್ ಅನ್ನುವ ಹೆಂಗಸು ವಿಲೋ ಟೀ ರೂಮ್ಸ್ ತೆರೆದಾಗ ಗಂಡಸರಿಗೆ ಅಂತ ಬಿಲಿಯರ್ಡ್ಸ್ ಕೋಣೆ, ಸಿಗರೇಟು ಸೇದುವ ಕೋಣೆ ಇಟ್ಟಿದ್ದರು. ಜಾಣೆ.

ಹಡಗುಗಳೂ ಹಾಗೇ ಇದ್ದವು. 1912ರ ಟೈಟಾನಿಕ್‌ನ ಮೊದಲ ದರ್ಜೆಯಲ್ಲಿ ಗಂಡಸರಿಗೆ ಸ್ಮೋಕಿಂಗ್ ರೂಮು. ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಓದುವ, ಬರೆಯುವ ಕೋಣೆ. ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಗೋಡೆಗಳೇ ಹೇಳುತ್ತಿದ್ದವು.

ನಮ್ಮ ಬಿ.ಎಚ್. ರಸ್ತೆಯಲ್ಲಿ ಗೋಡೆ ಇಲ್ಲ, ಅಷ್ಟೇ ವ್ಯತ್ಯಾಸ. ಸಂಜೆ ನಾಲ್ಕಕ್ಕೆ ಒಂದು ಟೀ ಅಂಗಡಿ ಮುಂದೆ ನಿಂತು ಎಣಿಸಿ. ಬೈಟೂ ಹೇಳಿ ಗ್ಲಾಸಿನ ಕಂಠ ಎರಡು ಬೆರಳಲ್ಲಿ ಹಿಡಿದು ಊದುತ್ತಾ ನಿಂತವರಲ್ಲಿ ಹೆಂಗಸರೆಷ್ಟು? ಕಾಲೇಜು ಹುಡುಗಿಯರು ಈಗೀಗ ಬರುತ್ತಿದ್ದಾರೆ, ಸಂತೋಷ. ನಡು ವಯಸ್ಸಿನವರು ಕಾಣಿಸುವುದು ಅಪರೂಪ. ನಿಪ್ಪಟ್ಟೋ ಬನ್ನೋ ಕಚ್ಚುತ್ತಾ ಅರ್ಧ ಗಂಟೆ ಹರಟುವುದು ನಮ್ಮಲ್ಲಿ ಗಂಡಸರ ಕೆಲಸ. ಅದೇ ಕೆಲಸ ಹಡಗಿನಲ್ಲಿ ಕುರ್ಚಿ ಮೇಲೆ ಕೂತು ಮಾಡಿದರೆ ಹೆಂಗಸರದು ಅಂತ ಹೇಗಾಗುತ್ತೆ? ತಿಪಟೂರಿನ ಯಜಮಾನರಿಗೂ ಅವತ್ತು ಇದನ್ನೇ ಕೇಳಿದೆ. ಅವರಿಗಿಂತ ಮೊದಲು ಹೆಂಡತಿ ಬಾಯಿಬಿಟ್ಟರು. “ನಾನು ಆ ಗೂಡಂಗಡಿ ಮುಂದೆ ನಿಂತು ಟೀ ಕುಡಿದ್ರೆ ಇವ್ರು ಸುಮ್ನಿರ್ತಾರಾ ಕೇಳಿ ಸಾರ್.” ಯಜಮಾನರು ಪಾಸ್‌ಪೋರ್ಟಿನ ಜೆರಾಕ್ಸ್ ತಿರುವಿ ಹಾಕಿದರು.

ಹಡಗಿಗೆ ಹೋಗುವವರಿಗೆ ಕೆಲಸಕ್ಕೆ ಬರುವ ನಾಲ್ಕು ಮಾತು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ತಿಳಿಸಿ, ಹಡಗು ಹತ್ತಿದ ಮೇಲೆ ವೇಟರ್‌ಗೂ ಇನ್ನೊಮ್ಮೆ ಹೇಳಿ. ಕೇಕಿನಲ್ಲಿ ಮೊಟ್ಟೆ ಇರುತ್ತೆ. ಮೂಸ್ ಅಂತ ನೊರೆ ನೊರೆಯಾಗಿ ಬರುವುದರಲ್ಲಿ ಜೆಲಾಟಿನ್ ಇರಬಹುದು, ಅದು ಪ್ರಾಣಿಗಳದ್ದು. ಸ್ಕೋನ್ ಮೇಲೆ ಹೊಳಪಿಗೆ ಮೊಟ್ಟೆ ಸವರಿರುತ್ತಾರಾ ಅಂತ ಕೇಳಿಕೊಳ್ಳಿ. ಶುಗರ್ ಇರುವವರು ಸ್ಯಾಂಡ್‌ವಿಚ್ ಹತ್ತಿರವೇ ನಿಲ್ಲಿಸಿ, ಟ್ರೇ ಎರಡನೇ ಸಲ ಬರುತ್ತೆ, ಮೂರನೇ ಸಲವೂ ಬರುತ್ತೆ. ಕ್ವೀನ್ ಮೇರಿ 2ರ ದೊಡ್ಡ ಹಾಲ್‌ನಲ್ಲಿ ಕೊಡುವ ಮಾಮೂಲಿ ಟೀ ಟಿಕೆಟ್ಟಿನ ದುಡ್ಡಿನಲ್ಲೇ ಸೇರಿದೆ. ಬೇರೆ ಹಡಗಾದರೆ ಕೇಳಿಕೊಂಡು ಕೂರಿ. ಇನ್ನು ಪಂಚೆ. ತುಂಬಾ ಜನ ಕೇಳುತ್ತಾರೆ. ನಾನಿದ್ದ ಹಡಗಿನಲ್ಲಿ ಸ್ಕಾಟ್ಲೆಂಡಿನವರು ಲಂಗದ ಥರದ ಕಿಲ್ಟ್ ಉಟ್ಟು ರಾಜಗಾಂಭೀರ್ಯದಿಂದ ಬರುತ್ತಿದ್ದರು. ಅಂಚಿನ ಪಂಚೆ, ಮೇಲೊಂದು ಇಸ್ತ್ರಿ ಶರ್ಟು ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ. ಮೇಲೆತ್ತಿ ಕಟ್ಟಬೇಡಿ, ಅಷ್ಟೇ.

ನ್ಯೂಯಾರ್ಕ್‌ನಿಂದ ಇಂಗ್ಲೆಂಡಿಗೆ ಬರುವವರು ಇನ್ನೊಂದು ನೆನಪಿಡಿ. ಎರಡೂ ಕಡೆಗೆ ಸಾಮಾನ್ಯವಾಗಿ ಐದು ಗಂಟೆ ವ್ಯತ್ಯಾಸ. ಹಾಗಾಗಿ ದಾರಿಯಲ್ಲಿ ಐದು ದಿನ ಗಡಿಯಾರವನ್ನು ಒಂದೊಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಗಡಿಯಾರ ಮುಂದಕ್ಕೆ ಓಡುತ್ತೆ, ಹೊಟ್ಟೆ ಓಡುವುದಿಲ್ಲ. ಊಟ ಇನ್ನೂ ಗಂಟಲಲ್ಲಿರುವಾಗಲೇ ಟೀ ಬಂದುಬಿಡುತ್ತೆ. ಮಧ್ಯಾಹ್ನದ ಊಟ ಕಡಿಮೆ ಮಾಡಿ.

ತಿಪಟೂರಿನ ದಂಪತಿ ವಾಪಸ್ ಬಂದ ಹದಿನೈದು ದಿನಕ್ಕೆ ಆಫೀಸಿಗೆ ಬಂದರು. ಒಂದು ಚೀಲ ತೆಂಗಿನಕಾಯಿ ತಂದಿದ್ದರು. ಹೇಗಿತ್ತು ಅಂತ ಕೇಳಿದೆ. ಯಜಮಾನರು ಸಮುದ್ರದ ಬಗ್ಗೆ ಹೇಳಿದರು, ಇಂಜಿನ್ ಬಗ್ಗೆ ಹೇಳಿದರು, ಅಲೆಗೆ ಎರಡು ದಿನ ತಲೆ ತಿರುಗಿದ್ದನ್ನು ಹೇಳಿದರು. ಟೀ ಹೇಗಿತ್ತು ಅಂದೆ.

“ನೀರು ಸಾರ್. ಬರೀ ನೀರು. ನಾನು ಒಂದೆರಡು ದಿನ ಇವಳಿಗೆ ಕಂಪನಿ ಕೊಟ್ಟೆ ಅಷ್ಟೇ.”

ಹೆಂಡತಿ ಮಾತಾಡಲಿಲ್ಲ. ಮೊಬೈಲ್ ತೆಗೆದು ಒಂದು ಫೋಟೋ ನನ್ನ ಮುಂದೆ ಹಿಡಿದರು. ಕಿಟಕಿ ಪಕ್ಕದ ಟೇಬಲ್ಲು. ಯಜಮಾನರ ಅಂಗಿಗೆ ನ್ಯಾಪ್ಕಿನ್ ಸಿಕ್ಕಿಸಿದೆ. ಮುಂದಿನ ತಟ್ಟೆಯಲ್ಲಿ ಮೂರು ಸ್ಕೋನು, ಮೇಲೆ ಎರಡು ಬೆರಳು ದಪ್ಪ ಕ್ರೀಮು.

“ಅದು ಇವಳ ತಟ್ಟೆ ಸಾರ್” ಅಂದರು ಯಜಮಾನರು.

ಹೆಂಡತಿ ಬೆರಳಲ್ಲಿ ಫೋಟೋ ಪಕ್ಕಕ್ಕೆ ಸರಿಸಿದರು. ಅದೇ ಟೇಬಲ್ಲು, ಬೇರೆ ದಿನದ ಶರ್ಟು. ತಟ್ಟೆಯಲ್ಲಿ ನಾಲ್ಕು.