ಚಾಣ ಎರಗಿದಾಗ ಹಿಂಡು ಚದುರುವುದಿಲ್ಲವೇಕೆ?

ಪ್ರಶ್ನೆ: ಜೋಳದ ಹೊಲದ ಮೇಲೆ ಹಾರುತ್ತಿದ್ದ ಗುಲಾಬಿ ಕಬ್ಬಕ್ಕಿಗಳ ಹಿಂಡಿನತ್ತ ಬೇಟೆಹಕ್ಕಿಯೊಂದು ನುಗ್ಗಿತು. ಅವು ದಿಕ್ಕಾಪಾಲಾಗುವ ಬದಲು ಇನ್ನಷ್ಟು ಒತ್ತಾಗಿ ಸೇರಿಕೊಂಡವು. ಇದರಿಂದ ಬೇಟೆ ಸುಲಭವಾಗುವುದಿಲ್ಲವೇ?

ಉತ್ತರ: ನೋಡುವವರಿಗೆ ಹಾಗನ್ನಿಸುವುದು ಸಹಜ, ಆದರೆ ಒತ್ತಾದ ಹಿಂಡು ಬೇಟೆಹಕ್ಕಿಗೆ ಬಹಳ ಕಷ್ಟದ ಗುರಿ. ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಗಬಲ್ಲ ದೊಡ್ಡ ಚಾಣವು (ಪೆರೆಗ್ರಿನ್ ಫಾಲ್ಕನ್) ಯಾವುದಾದರೂ ಒಂದೇ ಹಕ್ಕಿಯ ಮೇಲೆ ಕಣ್ಣು ನೆಟ್ಟು ಇಳಿಯಬೇಕು. ಒಂದೇ ರೂಪದ ನೂರಾರು ಹಕ್ಕಿಗಳು ಅಡ್ಡಾದಿಡ್ಡಿಯಾಗಿ ಹಾದುಹೋಗುವಾಗ ಆರಿಸಿಕೊಂಡ ಹಕ್ಕಿ ಕಣ್ತಪ್ಪುತ್ತದೆ. ಆ ವೇಗದಲ್ಲಿ ಮತ್ತೊಂದಕ್ಕೆ ಬಡಿದರೆ ಚಾಣದ ರೆಕ್ಕೆಗೇ ಅಪಾಯ. ಆದ್ದರಿಂದ ಅದು ಹಿಂಡಿನ ಅಂಚನ್ನು ಮತ್ತೆ ಮತ್ತೆ ಕೆಣಕಿ, ಗಾಬರಿಯಿಂದ ಬೇರ್ಪಟ್ಟ ಹಕ್ಕಿಯ ಬೆನ್ನು ಹತ್ತುತ್ತದೆ. ಚದುರುವುದೆಂದರೆ ಚಾಣಕ್ಕೆ ಬೇಕಾದುದನ್ನೇ ಮಾಡಿಕೊಟ್ಟಂತೆ.

ಇಂಗ್ಲೆಂಡಿನಲ್ಲಿ ಸಂಶೋಧಕ ರಾಬರ್ಟ್ ಕೆನ್‌ವರ್ಡ್ ಪಳಗಿಸಿದ ಗಾಸ್‌ಹಾಕ್ ಗಿಡುಗವನ್ನು ಕಾಡುಪಾರಿವಾಳಗಳ ಮೇಲೆ ಬಿಟ್ಟು ನಡೆಸಿದ ಅಧ್ಯಯನ 1978ರಲ್ಲಿ ಪ್ರಕಟವಾಯಿತು. ಒಂಟಿ ಪಾರಿವಾಳದ ಮೇಲಿನ ದಾಳಿಗಳಲ್ಲಿ ಸುಮಾರು ಶೇ 80ರಷ್ಟು ಫಲಿಸಿದರೆ, 50ಕ್ಕೂ ಹೆಚ್ಚು ಹಕ್ಕಿಗಳಿದ್ದ ಹಿಂಡಿನ ಮುಂದೆ ಆ ಪ್ರಮಾಣ ಶೇ 10ಕ್ಕಿಂತ ಕೆಳಗಿಳಿಯಿತು. ಇಲ್ಲಿ ಮುಖ್ಯವಾದುದು ಗೊಂದಲಕ್ಕಿಂತ ಎಚ್ಚರ: ಕಣ್ಣುಗಳು ಹೆಚ್ಚಿದಷ್ಟೂ ಗಿಡುಗ ದೂರದಲ್ಲಿರುವಾಗಲೇ ಗುಂಪು ಮೇಲೇಳುತ್ತದೆ.

ಇಷ್ಟು ದೊಡ್ಡ ಹಿಂಡು ಒಟ್ಟಿಗೆ ಹೊರಳುವುದು ಹೇಗೆ? ನನ್ನನ್ನು ಅತ್ಯಂತ ಬೆರಗುಗೊಳಿಸುವ ಸಂಗತಿ ಇದೇ. ರೋಮ್ ನಗರದ ಟರ್ಮಿನಿ ರೈಲು ನಿಲ್ದಾಣದ ಬಳಿ ಚಳಿಗಾಲದ ಸಂಜೆ ರಾತ್ರಿ ತಂಗುವ ಮರಗಳಿಗೆ ಮರಳುವ, ಕಬ್ಬಕ್ಕಿಯ ಬಳಗಕ್ಕೇ ಸೇರಿದ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡುಗಳನ್ನು ವಿಜ್ಞಾನಿಗಳು ಛಾವಣಿಯ ಮೇಲಿಂದ ಏಕಕಾಲಕ್ಕೆ ಹಲವು ಕ್ಯಾಮೆರಾಗಳಲ್ಲಿ ಸೆರೆಹಿಡಿದರು. 2021ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜಾರ್ಜಿಯೊ ಪಾರಿಸಿ ಆ ತಂಡದಲ್ಲಿದ್ದರು. 2008ರಲ್ಲಿ ತಂಡ ಪ್ರಕಟಿಸಿದಂತೆ, ಪ್ರತಿ ಹಕ್ಕಿಯೂ ಅಂತರ ಎಷ್ಟೇ ಇರಲಿ, ತನಗೆ ಹತ್ತಿರದ ಆರೇಳು ಹಕ್ಕಿಗಳ ಚಲನೆಯನ್ನಷ್ಟೇ ಅನುಸರಿಸುತ್ತದೆ. ಅಲ್ಲಿ ನಾಯಕನಿಲ್ಲ, ಅಪ್ಪಣೆಯಿಲ್ಲ. ಚಾಣ ಬಂದ ಕಡೆಯ ಹಕ್ಕಿ ಸರಕ್ಕನೆ ಮಗ್ಗುಲಾದಾಗ ಅದರ ರೆಕ್ಕೆಯ ಹರವು ನಮ್ಮತ್ತ ತಿರುಗಿ ಕಪ್ಪಾಗಿ ಕಾಣುತ್ತದೆ. ಪಕ್ಕದ್ದೂ ಹಾಗೆಯೇ ಮಾಡುತ್ತದೆ. ಹೀಗೆ ಕಪ್ಪು ಅಲೆಯೊಂದು ಹಿಂಡಿನ ಆ ತುದಿಯವರೆಗೂ ಹರಿದುಹೋಗುತ್ತದೆ.

ಆದರೆ ನಮ್ಮ ಊರುಗಳ ಬಿಜ್ಜು (ಶಿಕ್ರಾ) ಎಂಬ ಸಣ್ಣ ಗಿಡುಗದೆದುರು ಈ ಉಪಾಯ ಅಷ್ಟಾಗಿ ನಡೆಯದು. ಅದು ಎಲೆಗಳ ಮರೆಯಲ್ಲಿ ಅಲುಗದೆ ಕುಳಿತಿದ್ದು, ಮೇಯುತ್ತಿರುವ ಹಕ್ಕಿಗಳು ರೆಕ್ಕೆ ಬಿಚ್ಚುವ ಮೊದಲೇ ತಗ್ಗಿನಲ್ಲಿ ಹಾರಿಬಂದು ಒಂದನ್ನು ಎತ್ತಿಕೊಂಡುಬಿಡುತ್ತದೆ.