ಬೋರ್ ನೀರಿನ ಫ್ಲೋರೈಡ್, ಫ್ರಿಜ್‌ನ ಗ್ಯಾಸ್: ಒಂದು ಗಟ್ಟಿ ಗಂಟಿನ ಕತೆ

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಫ್ಲೋರೈಡ್ ಅನ್ನೋ ಪದ ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೂ ಗೊತ್ತು. ಬೋರ್ ನೀರು ಕುಡಿದು ಹಲ್ಲು ಕಂದಾದವರು, ಮಂಡಿ ಹಿಡಿದು ಏಳಲಾಗದವರು ನಮ್ಮಲ್ಲೇ ಇದ್ದಾರೆ. ಅದಕ್ಕೇ ಅಲ್ವಾ, ಜನ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೋಗೋದು. ಇದೇ ಫ್ಲೋರೈಡಿನಲ್ಲಿರುವ ಫ್ಲೋರಿನ್ ಅನ್ನೋ ಧಾತುವಿಗಾಗಿ ಬೇರೆ ಕಡೆ ಗಣಿ ತೋಡುತ್ತಾರೆ.

ಅದು ಸಿಗೋದು ಫ್ಲೋರ್‌ಸ್ಪಾರ್ ಅನ್ನೋ ಕಲ್ಲಿನಲ್ಲಿ. ನೇರಳೆ, ಹಸಿರು, ಹಳದಿ ಬಣ್ಣದ ಗಾಜಿನಂಥ ಕಲ್ಲು. ಒಳಗಿರೋದು ಕ್ಯಾಲ್ಸಿಯಂ ಮತ್ತು ಫ್ಲೋರಿನ್, ಅಷ್ಟೇ. ಈ ಎರಡರ ಗಂಟು ಬಹಳ ಗಟ್ಟಿ, ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ.

ಮೊದಲು ಇದು ಬೇಕಾಗಿದ್ದು ಕುಲುಮೆಗೆ. ಅದಿರಿನ ಜೊತೆ ಇದನ್ನು ಹಾಕಿದರೆ ಕಿಟ್ಟ (ಲೋಹ ಕರಗಿಸುವಾಗ ಉಳಿಯೋ ಕಲ್ಮಶ) ತೆಳ್ಳಗಾಗಿ ಹರಿಯುತ್ತದೆ ಅಂತ 16ನೇ ಶತಮಾನದಲ್ಲೇ ಜರ್ಮನಿಯ ಗಣಿ ತಜ್ಞ ಅಗ್ರಿಕೋಲ ಬರೆದಿದ್ದರು. ಕಲ್ಲಿನ ಹೆಸರು ಹುಟ್ಟಿದ್ದೂ 'ಹರಿ' ಅನ್ನೋ ಅರ್ಥದ ಲ್ಯಾಟಿನ್ ಪದದಿಂದ. ಉಕ್ಕಿನ ಕಾರ್ಖಾನೆಗಳು ಇವತ್ತಿಗೂ ಬಳಸುತ್ತವೆ.

1771ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಶೀಲೆ ಈ ಕಲ್ಲಿಗೆ ಗಂಧಕಾಮ್ಲ ಹಾಕಿ ಬಿಸಿ ಮಾಡಿದರು. ಗಂಟು ಬಿಚ್ಚಿತು, ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲ ಹೊರಬಂತು. ಅದರಿಂದ ಫ್ಲೋರಿನ್ ಬೇರೆ ಮಾಡಲು ಹೋಗಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು, ಕೊನೆಗೆ 1886ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಮೊಯ್ಸಾನ್ ಗೆದ್ದರು. ಅದೇ ವರ್ಷ ಅಲ್ಯೂಮಿನಿಯಂ ಅಗ್ಗವಾಗುವ ದಾರಿಯೂ ಸಿಕ್ಕಿತು: ಅಲ್ಯೂಮಿನಿಯಂ ತೆಗೆಯೋದು ಅಲ್ಯೂಮಿನಾ ಅನ್ನೋ ಪುಡಿಯಿಂದ; 2000 ಡಿಗ್ರಿ ದಾಟಿದರೆ ಮಾತ್ರ ಕರಗುವ ಅದು, ಕ್ರಯೋಲೈಟ್ ಅನ್ನೋ ಫ್ಲೋರಿನ್ ಖನಿಜದ ಜೊತೆ ಸುಮಾರು 950 ಡಿಗ್ರಿಯಲ್ಲೇ ಕರಗುತ್ತದೆ. ಗ್ರೀನ್‌ಲ್ಯಾಂಡಿನ ಕ್ರಯೋಲೈಟ್ ಮುಗಿದ ಮೇಲೆ ಅದನ್ನೂ ಫ್ಲೋರ್‌ಸ್ಪಾರ್‌ನಿಂದಲೇ ತಯಾರಿಸುತ್ತಾರೆ.

ಆಮೇಲೆ ಫ್ಲೋರಿನ್ ಬೇಕಾಗಿದ್ದು ಫ್ರಿಜ್‌ನ ಗ್ಯಾಸ್‌ಗೆ, 1938ರಲ್ಲಿ ಸಿಕ್ಕ ಟೆಫ್ಲಾನ್‌ಗೆ (ತವಾಗೆ ಅಂಟದಂತೆ ಬಳಿಯೋ ಲೇಪ), ಯುರೇನಿಯಂ ಸಂಸ್ಕರಣೆಗೆ, ಈಗ ಎಲೆಕ್ಟ್ರಿಕ್ ಸ್ಕೂಟರ್‌ನ ಲಿಥಿಯಂ ಬ್ಯಾಟರಿಗೆ. ಹಳೆಯ ಫ್ರಿಜ್ ಗ್ಯಾಸ್ ಓಝೋನ್ ಪದರ ತಿನ್ನುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅದಕ್ಕೆ ಕಡಿವಾಣ ಬಿತ್ತು, ಆದರೆ ಅದರ ಜಾಗಕ್ಕೆ ಬಂದ ಹಲವು ಗ್ಯಾಸುಗಳಲ್ಲೂ ಫ್ಲೋರಿನ್ ಇದೆ. ಫ್ಲೋರ್‌ಸ್ಪಾರನ್ನು ಚೀನಾ ಎಲ್ಲರಿಗಿಂತ ಹೆಚ್ಚು ತೆಗೆಯುತ್ತದೆ. ನಮ್ಮ ದೇಶದಲ್ಲಿ ಗುಜರಾತಿನ ಅಂಬಾಡುಂಗರ್‌ನಲ್ಲಿ ನಿಕ್ಷೇಪ ಇದೆ, ಆದರೂ ಬಹುಪಾಲು ಹೊರಗಿನಿಂದಲೇ ಬರುತ್ತದೆ.

ಆದರೆ ನಮ್ಮ ನೀರಿಗೆ ಇದು ಬಂದದ್ದು ಕಾರ್ಖಾನೆಯಿಂದ ಅಲ್ಲ. ನಮ್ಮ ಕಾಲ ಕೆಳಗಿನ ಗ್ರಾನೈಟ್ ಮತ್ತು ನೈಸ್ ಅನ್ನೋ ಪಟ್ಟೆ ಪಟ್ಟೆಯ ಗಟ್ಟಿ ಬಂಡೆಗಳಲ್ಲೇ ಫ್ಲೋರಿನ್ ಇರುವ ಖನಿಜಗಳಿವೆ. ಬೋರ್ ಆಳಕ್ಕೆ ಇಳಿದಷ್ಟೂ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಆ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಫ್ಲೋರೈಡನ್ನು ಕಟ್ಟಿಹಾಕುವವರೇ ಇಲ್ಲ, ಕರಗಿಕೊಂಡೇ ಉಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಅನ್ನುತ್ತದೆ ನಿಯಮ. ವರ್ಷಗಟ್ಟಲೆ ಅದಕ್ಕಿಂತ ಜಾಸ್ತಿ ಕುಡಿದವರ ಮೈಯಲ್ಲಿ ಅದು ಹುಡುಕಿಕೊಂಡು ಹೋಗೋದು ಕ್ಯಾಲ್ಸಿಯಂ ಇರುವ ಜಾಗಕ್ಕೇ, ಅಂದರೆ ಹಲ್ಲಿಗೆ ಮತ್ತು ಮೂಳೆಗೆ.

ಘಟಕದ ಯಂತ್ರ ಫ್ಲೋರೈಡನ್ನು ನಾಶ ಮಾಡೋದಿಲ್ಲ. ಒಂದು ಪೈಪಿನಿಂದ ಒಳ್ಳೆ ನೀರು ಕ್ಯಾನಿಗೆ ಬೀಳುತ್ತದೆ, ಇನ್ನೊಂದು ಪೈಪಿನಿಂದ ಫ್ಲೋರೈಡ್ ಮೊದಲಿಗಿಂತ ಜಾಸ್ತಿ ಇರುವ ನೀರು ಹೊರಗೆ ಹೋಗುತ್ತದೆ. ಆ ಎರಡನೇ ಪೈಪು ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮೂರಿನ ಘಟಕದ ಹಿಂದೆ ಹೋಗಿ ನೋಡಿ.