ಟಾರ್ಪಿಡೊ ದೋಣಿಯ ಭಯದಿಂದ ಹುಟ್ಟಿದ ತೋಪು

1878ರ ಜನವರಿ. ಕಪ್ಪು ಸಮುದ್ರದ ಬಟೂಮಿ ಬಂದರಿನ ಬಳಿ ರಷ್ಯಾದ ಪುಟ್ಟ ದೋಣಿಗಳು ರಾತ್ರಿ ಹೊತ್ತಲ್ಲಿ ನುಗ್ಗಿ ತುರ್ಕಿಯ ಇಂತಿಬಾಹ್ ಹಡಗನ್ನು ಮುಳುಗಿಸಿದವು. ನೀರಿನಲ್ಲಿ ತಾನೇ ಓಡಿ ಹಡಗಿಗೆ ಬಡಿದು ಸಿಡಿಯುವ ಟಾರ್ಪಿಡೊಗೆ ಬಲಿಯಾದ ಮೊದಲ ಹಡಗು ಅದು.

ದೊಡ್ಡ ನೌಕಾಪಡೆಗಳಿಗೆ ನಡುಕ ಹುಟ್ಟಿತು. ಅದು ಸುಮ್ನೆ ಹುಟ್ಟಿದ ಭಯವಲ್ಲ. ಬ್ರಿಟನ್ನಿನ ಮೊದಲ ಟಾರ್ಪಿಡೊ ದೋಣಿ ಲೈಟ್ನಿಂಗ್ ಗಂಟೆಗೆ ಸುಮಾರು 35 ಕಿ.ಮೀ. ಓಡುತ್ತಿತ್ತು. ಅಂಥ ದೋಣಿ ಕತ್ತಲಲ್ಲಿ ಸಾವಿರ ಮೀಟರ್ ದೂರದಲ್ಲಿ ಕಣ್ಣಿಗೆ ಬಿತ್ತು ಅಂದುಕೊಳ್ಳಿ. ಅದು ಟಾರ್ಪಿಡೊ ಬಿಡಲು 400 ಮೀಟರ್ ಹತ್ತಿರಕ್ಕೆ ಬರೋಕೆ ಒಂದೇ ನಿಮಿಷ ಸಾಕು. ಅಷ್ಟರಲ್ಲಿ ಹಡಗಿನ ದೈತ್ಯ ತೋಪು ಒಂದು ಗುಂಡು ಹಾರಿಸಿದರೆ ಅದೇ ಜಾಸ್ತಿ.

1881ರಲ್ಲಿ ಬ್ರಿಟಿಷ್ ನೌಕಾಪಡೆ ನಿಮಿಷಕ್ಕೆ ಕನಿಷ್ಠ 12 ಗುಂಡು ಹಾರಿಸುವ ತೋಪು ಬೇಕೆಂದು ಜಾಹೀರಾತು ಕೊಟ್ಟಿತು. ಹಾಚ್‌ಕಿಸ್ ಮತ್ತು ನಾರ್ಡೆನ್‌ಫೆಲ್ಟ್ ಕಂಪನಿಗಳ 47 ಮತ್ತು 57 ಮಿ.ಮೀ. ತೋಪುಗಳು ಹಡಗುಗಳಿಗೆ ಬಂದವು.

ಈ ವೇಗದ ಶ್ರೇಯಸ್ಸು ನಳಿಗೆಗಿಂತ ಹಿತ್ತಾಳೆ ತೋಟಾಕ್ಕೆ ಸಲ್ಲಬೇಕು ಅಂತ ನನಗನಿಸುತ್ತದೆ. ಮೊದಲು ಗುಂಡು ಬೇರೆ, ಮದ್ದಿನ ಚೀಲ ಬೇರೆ, ಕಿಡಿ ಹೊತ್ತಿಸುವ ಕೊಳವೆ ಬೇರೆ. ಪ್ರತಿ ಸಲವೂ ಒಳಗೆ ಕಿಡಿ ಉಳಿಯದಂತೆ ಒರೆಸಬೇಕು. ಈಗ ಮೂರೂ ಒಂದೇ ತೋಟಾದಲ್ಲಿ ಸೇರಿದವು. ಮದ್ದು ಸಿಡಿದಾಗ ತೆಳು ಹಿತ್ತಾಳೆ ಹಿಗ್ಗಿ ನಳಿಗೆಗೆ ಅಂಟಿ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತಿತ್ತು. ತೋಪಿನ ಹಿಂಬದಿಯ ಬಾಗಿಲು ತೆರೆದರೆ ಖಾಲಿ ತೋಟಾ ಹೊರಗೆ. ಗುರಿಕಾರ ಹೆಗಲು ಕೊಟ್ಟು ತೋಪನ್ನು ತಿರುಗಿಸುತ್ತಲೇ ಗುರಿ ಹಿಡಿಯುತ್ತಿದ್ದ.

ಆಮೇಲೆ ಇದೇ ಉಪಾಯ ದೊಡ್ಡ ತೋಪಿಗೂ ಬಂತು. 1887ರ ಪರೀಕ್ಷೆಯಲ್ಲಿ ಆರ್ಮ್‌ಸ್ಟ್ರಾಂಗ್ ಕಂಪನಿಯ 4.7 ಇಂಚಿನ ತೋಪು 47.5 ಸೆಕೆಂಡಿನಲ್ಲಿ ಹತ್ತು ಗುಂಡು ಹಾರಿಸಿತು. ಹಳೆಯ 5 ಇಂಚಿನ ತೋಪಿಗೆ ಅದಕ್ಕೇ ಐದು ನಿಮಿಷ ಹಿಡಿಯುತ್ತಿತ್ತು! 1894ರ ಯಾಲು ಕದನದಲ್ಲಿ ಇಂಥ ತೋಪುಗಳಿದ್ದ ಜಪಾನ್ ಎದುರು ಚೀನಾ ಐದು ಹಡಗು ಕಳೆದುಕೊಂಡಿತು. ಆದರೆ ದಪ್ಪ ಕವಚವಿದ್ದ ಚೀನಾದ ಹಡಗುಗಳಾದ ಡಿಂಗ್‌ಯುವಾನ್, ಝೆನ್‌ಯುವಾನ್ ನೂರಾರು ಏಟು ತಿಂದರೂ ಮುಳುಗಲಿಲ್ಲ. ವೇಗಕ್ಕೂ ಒಂದು ಮಿತಿ ಇದೆ ಅಲ್ವಾ?

ಬಂದರು ಕಾಯಲು ಬ್ರಿಟಿಷರು 76 ಮಿ.ಮೀ. ತೋಪುಗಳನ್ನು ಸರ್ಚ್‌ಲೈಟ್ ಜೊತೆ ದಡದಲ್ಲಿ ನಿಲ್ಲಿಸಿದರು. ತೋಪು ಬಂದರೂ ದೋಣಿಯ ಭಯ ಹೋಗಲಿಲ್ಲ. 1904ರ ಅಕ್ಟೋಬರ್‌ನಲ್ಲಿ ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಬಳಿ ರಷ್ಯಾದ ಹಡಗುಗಳು ಬ್ರಿಟಿಷ್ ಮೀನುಗಾರರ ದೋಣಿಗಳನ್ನೇ ಟಾರ್ಪಿಡೊ ದೋಣಿಗಳೆಂದು ತಿಳಿದು ಗುಂಡಿನ ಮಳೆ ಸುರಿಸಿದವು. ಬಲೆ ಬೀಸಲು ಬಂದಿದ್ದ ಬಡಪಾಯಿಗಳು ಸತ್ತರು.

ಅಷ್ಟರಲ್ಲಿ ಟಾರ್ಪಿಡೊ ಇನ್ನೂ ದೂರ ಓಡತೊಡಗಿತ್ತು, ಅದನ್ನು ಹೊರುವ ಹಡಗುಗಳೂ ದೊಡ್ಡದಾಗಿದ್ದವು. ಪುಟ್ಟ ತೋಪಿನ ಏಟು ಸಾಲದಾಯಿತು. 1916ರಲ್ಲಿ ಬ್ರಿಟಿಷರು 57 ಮಿ.ಮೀ. ಹಾಚ್‌ಕಿಸ್ ತೋಪನ್ನು ತಮ್ಮ ಮೊದಲ ಟ್ಯಾಂಕುಗಳಿಗೆ ಕೂರಿಸಿದರು. ಅದರ ಉದ್ದ ನಳಿಗೆ ಕೆಸರಿಗೆ, ಮರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಆಮೇಲಿನ ಟ್ಯಾಂಕುಗಳಿಗೆ ನಳಿಗೆಯನ್ನು ಮೋಟು ಮಾಡಿದರು.